ನ್ಯೂ ಜೆರ್ಸಿಯ ಎಡಿಸನ್ ಟೌನ್‌ಶಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೌನ್‌ಶಿಪ್ ಅಂದರೆ ಕಾರ್ಖಾನೆಯವರ ಕಾಲೊನಿಯೇ?

ಅಲ್ಲ. ನಮ್ಮ ಕಡೆ ಟೌನ್‌ಶಿಪ್ ಅಂದ ಕೂಡಲೇ ಬಿಇಎಂಎಲ್, ಎಚ್‌ಎಂಟಿ ಥರದ ಕ್ವಾರ್ಟರ್ಸ್ ಸಾಲು ನೆನಪಾಗುತ್ತದೆ. ನ್ಯೂ ಜೆರ್ಸಿಯಲ್ಲಿ ಅದು ಸ್ಥಳೀಯ ಸರ್ಕಾರದ ಒಂದು ಬಗೆ. ಅಲ್ಲಿ ಬರೋ, ಟೌನ್‌ಶಿಪ್, ಸಿಟಿ, ಟೌನ್, ವಿಲೇಜ್ ಎಂದು ಐದು ಬಗೆಯ ಪುರಸಭೆಗಳಿವೆ. ರಾಜ್ಯದ ಒಂದೊಂದು ಅಂಗುಲ ನೆಲವೂ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಸೇರಿರಲೇಬೇಕು. ಹೆಸರು ನೋಡಿ ಗಾತ್ರ ಅಳೆಯಲು ಹೋದರೆ ಮೋಸಹೋಗುತ್ತೀರಿ: ಲಕ್ಷ ಜನ ಮೀರಿದ ಟೌನ್‌ಶಿಪ್‌ಗಳಿವೆ, ಕೆಲವೇ ಸಾವಿರ ಜನರ ಸಿಟಿಗಳೂ ಇವೆ. ಅಮೆರಿಕದ ನಡುನಾಡಿನ ರಾಜ್ಯಗಳಲ್ಲಿ ಸರ್ವೆಯವರು ಆರು ಮೈಲಿ ಉದ್ದ, ಆರು ಮೈಲಿ ಅಗಲಕ್ಕೆ ಗೆರೆ ಎಳೆದ ಚೌಕಕ್ಕೂ ಟೌನ್‌ಶಿಪ್ ಎಂದೇ ಹೆಸರು. ಎಡಿಸನ್‌ಗೂ ಆ ಚೌಕಕ್ಕೂ ಸಂಬಂಧವಿಲ್ಲ.

ಎಡಿಸನ್ ಎಲ್ಲಿದೆ? ಎಷ್ಟು ದೊಡ್ಡದು?

ನ್ಯೂ ಜೆರ್ಸಿಯ ನಡುಭಾಗದ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು), ರಾರಿಟನ್ ನದಿಯ ಉತ್ತರ ದಂಡೆಯಲ್ಲಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಿಂದ ನೈಋತ್ಯಕ್ಕೆ ಸುಮಾರು 25ರಿಂದ 30 ಮೈಲಿ. ವಿಸ್ತೀರ್ಣ 30 ಚದರ ಮೈಲಿಗಿಂತ ತುಸು ಹೆಚ್ಚು, ಅಂದರೆ ಹೆಚ್ಚುಕಮ್ಮಿ 80 ಚದರ ಕಿಲೋಮೀಟರ್. ಕೌಂಟಿಯ ಆಡಳಿತ ಕೇಂದ್ರ ಪಕ್ಕದ ನ್ಯೂ ಬ್ರನ್ಸ್‌ವಿಕ್.

ಊರಿನ ಪೇಟೆ ಎಲ್ಲಿದೆ?

ಹೊಸಬರನ್ನು ಅತಿ ಹೆಚ್ಚು ಕಾಡುವ ಪ್ರಶ್ನೆ ಇದು. ಉತ್ತರ ಸರಳ: ಪೇಟೆ ಇಲ್ಲ. ಎಡಿಸನ್ ಒಂದು ಬೀಜದಿಂದ ಮೊಳೆತು ಬೆಳೆದ ಊರಲ್ಲ. ಪಿಸ್ಕಾಟವೇಟೌನ್, ಬಾನಮ್‌ಟೌನ್, ಸ್ಟೆಲ್ಟನ್, ಓಕ್ ಟ್ರೀ, ಮೆನ್ಲೋ ಪಾರ್ಕ್, ನಿಕ್ಸನ್ ಮುಂತಾದ ಹಳ್ಳಿಗಳು, ರೈಲು ನಿಲ್ದಾಣಗಳು, ಕಾರ್ಖಾನೆ ಜಾಗಗಳು ಒಂದೇ ಆಡಳಿತದಡಿ ಉಳಿದು ಆದ ಸೇರುವೆ. ನಡುವೆ ಇರಬೇಕಾದ ಪೇಟೆ ಮೆಟಚನ್‌ನಲ್ಲಿದೆ, ಆದರೆ ಮೆಟಚನ್ ಎಡಿಸನ್‌ಗೆ ಸೇರಿಲ್ಲ. ಎಡಿಸನ್ ಬಗ್ಗೆ ಆಗುವ ಗೊಂದಲಗಳ ಮುಕ್ಕಾಲು ಪಾಲು ಇಲ್ಲಿಂದಲೇ ಶುರು.

ನಕ್ಷೆಯಲ್ಲಿ ಮೆಟಚನ್ ಉದ್ದಿನವಡೆಯ ತೂತಿನ ಹಾಗೆ ಕಾಣುವುದೇಕೆ?

ಪಿಸ್ಕಾಟವೇ ಮತ್ತು ವುಡ್‌ಬ್ರಿಜ್ ಟೌನ್‌ಶಿಪ್‌ಗಳಿಂದ ಭಾಗ ಕತ್ತರಿಸಿ 1870ರ ಮಾರ್ಚ್ 17ರಂದು ರಾರಿಟನ್ ಟೌನ್‌ಶಿಪ್ ಮಾಡಿದರು. ಇಂದಿನ ಎಡಿಸನ್‌ನ ಹುಟ್ಟು ಅದು. 1890ರ ದಶಕದಲ್ಲಿ ನ್ಯೂ ಜೆರ್ಸಿಗೆ ‘ಬರೋ’ ಮಾಡಿಕೊಳ್ಳುವ ಹುಚ್ಚು ಹಿಡಿಯಿತು. 1894ರ ಶಾಲಾ ಕಾನೂನು ಬಂದ ಮೇಲೆ, ತಮ್ಮ ತೆರಿಗೆ ಹಣ ದೂರದ ಹಳ್ಳಿಯ ಶಾಲೆಗೆ ಹೋಗದಿರಲಿ ಎಂದು ರೈಲು ನಿಲ್ದಾಣದ ಸುತ್ತ ಮನೆ ಕಟ್ಟಿಕೊಂಡಿದ್ದ ಅನುಕೂಲಸ್ಥರು ಬೇರೆ ಬರೋ ಮಾಡಿಕೊಂಡು ಹೊರನಡೆಯತೊಡಗಿದರು. ಆ ಅಲೆಯ ಕೊನೆಯಲ್ಲಿ, 1900ರಲ್ಲಿ, ರೈಲ್ವೆ ಪೇಟೆಯಾಗಿದ್ದ ಮೆಟಚನ್ ರಾರಿಟನ್ ಟೌನ್‌ಶಿಪ್‌ನ ಹೊಟ್ಟೆಯಿಂದಲೇ ಎದ್ದುಹೋಯಿತು. 1905ರಲ್ಲಿ ನ್ಯೂ ಬ್ರನ್ಸ್‌ವಿಕ್ ಎದುರಿನ ದಂಡೆಯ ಹೈಲ್ಯಾಂಡ್ ಪಾರ್ಕ್ ಕೂಡ ಬೇರೆಯಾಯಿತು. ಪಾಲು ಕೇಳಿದವರಿಗೆ ಕೊಟ್ಟು ಮಿಕ್ಕ ಹೊಲ, ಜೌಗು, ಜೇಡಿನೆಲ ಟೌನ್‌ಶಿಪ್‌ಗೆ ಉಳಿಯಿತು. ಆಗ ಯಾರಿಗೂ ಬೇಡವಾಗಿದ್ದ ಆ ಬಯಲೇ ಮುಂದೆ ಸೇನೆಗೆ, ಕಾರ್ಖಾನೆಗೆ, ಬಡಾವಣೆಗೆ ಒದಗಿತು.

ಎಡಿಸನ್ ಎಂಬ ಹೆಸರು ಯಾವಾಗ ಬಂತು?

1954ರ ನವೆಂಬರ್‌ನಲ್ಲಿ, ಜನರ ಮತ ಕೇಳಿ. ನ್ಯೂ ಜೆರ್ಸಿಯಲ್ಲಿ ಇನ್ನೊಂದು ರಾರಿಟನ್ ಟೌನ್‌ಶಿಪ್ (ಹಂಟರ್‌ಡನ್ ಕೌಂಟಿಯಲ್ಲಿ), ಒಂದು ರಾರಿಟನ್ ಬರೋ (ಸಾಮರ್‌ಸೆಟ್ ಕೌಂಟಿಯಲ್ಲಿ) ಇವೆ. ಆಗ ಚರ್ಚೆಯಲ್ಲಿದ್ದ ಮತ್ತೊಂದು ಹೆಸರು ನಿಕ್ಸನ್. ಅದು ಆಗಿನ ಉಪರಾಷ್ಟ್ರಪತಿ ರಿಚರ್ಡ್ ನಿಕ್ಸನ್ ಅಲ್ಲ. ಹಡಗು ವಿನ್ಯಾಸಕಾರ, ಇಲ್ಲಿ ಕಾರ್ಖಾನೆ ನಡೆಸಿದ ಲೂಯಿಸ್ ನಿಕ್ಸನ್. ಮತ ಎಡಿಸನ್ ಕಡೆ ಬಿದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ರಿಚರ್ಡ್ ನಿಕ್ಸನ್ ಅಧ್ಯಕ್ಷ ಪದವಿ ಬಿಡಬೇಕಾಗಿ ಬಂದ ವಾಟರ್‌ಗೇಟ್ ಹಗರಣದ ಕಾಲದಲ್ಲಿ ಊರಿನವರು ಹೋದಲ್ಲೆಲ್ಲ ವಿವರಣೆ ಕೊಡಬೇಕಾಗುತ್ತಿತ್ತು.

ವಂಶಾವಳಿ ಅಥವಾ ಹಳೆಯ ದಾಖಲೆ ಹುಡುಕುವವರು ಇದನ್ನು ನೆನಪಿಡಬೇಕು: 1870ರಿಂದ 1954ರವರೆಗಿನ ಕಾಗದಗಳಲ್ಲಿ ‘ಎಡಿಸನ್’ ಹುಡುಕಿದರೆ ಏನೂ ಸಿಗದು. ‘ರಾರಿಟನ್ ಟೌನ್‌ಶಿಪ್, ಮಿಡ್ಲ್‌ಸೆಕ್ಸ್ ಕೌಂಟಿ’ ಎಂದು ಹುಡುಕಿ. ಕೌಂಟಿಯ ಹೆಸರು ಬಿಟ್ಟರೆ ಹಂಟರ್‌ಡನ್‌ನ ಕಾಗದ ಕೈಗೆ ಬರುತ್ತದೆ. 1870ಕ್ಕಿಂತ ಹಿಂದಿನದಾದರೆ ಪಿಸ್ಕಾಟವೇ, ವುಡ್‌ಬ್ರಿಜ್ ಎರಡನ್ನೂ ತಡಕಬೇಕು.

ಥಾಮಸ್ ಎಡಿಸನ್ ನಿಜಕ್ಕೂ ಇಲ್ಲಿದ್ದರೇ?

ಇದ್ದರು, ಆದರೆ ಹತ್ತಾರು ವರ್ಷವೇನಲ್ಲ. ಜಮೀನು ಮಾರಾಟದ ಯೋಜನೆಯೊಂದು ಬಿದ್ದುಹೋಗಿ ಖಾಲಿ ಉಳಿದಿದ್ದ ಮೆನ್ಲೋ ಪಾರ್ಕ್‌ಗೆ ಅವರು 1876ರಲ್ಲಿ ಬಂದು ಪ್ರಯೋಗಾಲಯ ಕಟ್ಟಿಸಿದರು. ನೂರು ಅಡಿ ಉದ್ದ, ಮೂವತ್ತು ಅಡಿ ಅಗಲದ ಎರಡಂತಸ್ತಿನ ಮರದ ಕಟ್ಟಡ. 1877ರಲ್ಲಿ ಫೋನೋಗ್ರಾಫ್ ಮಾತಾಡಿದ್ದು ಅಲ್ಲಿ. 1879ರ ಅಕ್ಟೋಬರ್‌ನಲ್ಲಿ, ಸುಟ್ಟು ಇದ್ದಿಲು ಮಾಡಿದ ಹತ್ತಿ ನೂಲಿನ ತಂತು ಗಾಜಿನ ಬುರುಡೆಯೊಳಗೆ ಹದಿಮೂರು ಗಂಟೆ ಮೀರಿ ಉರಿದದ್ದೂ ಅಲ್ಲಿ. ಆ ವರ್ಷದ ಡಿಸೆಂಬರ್ 31ರ ರಾತ್ರಿ ಜನ ರೈಲು ಹತ್ತಿ ದೀಪ ನೋಡಲು ಬಂದರು. ಅಲ್ಲಿನ ಕ್ರಿಸ್ಟಿ ಸ್ಟ್ರೀಟ್ ಬಲ್ಬಿನ ಬೆಳಕು ಕಂಡ ಮೊದಲ ಬೀದಿಗಳ ಸಾಲಿಗೆ ಸೇರಿದೆ. 1880ರ ದಶಕದ ಆರಂಭದಲ್ಲೇ ಎಡಿಸನ್ ಗಮನ ನ್ಯೂಯಾರ್ಕಿನತ್ತ ಸರಿಯಿತು. 1887ರಲ್ಲಿ ವೆಸ್ಟ್ ಆರೆಂಜ್‌ನಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗಾಲಯ ತೆರೆದರು. ಮೆನ್ಲೋ ಪಾರ್ಕಿನ ಕಟ್ಟಡಗಳು ಪಾಳುಬಿದ್ದವು.

ಹಾಗಾದರೆ ಈಗ ನೋಡಲು ಏನುಂಟು?

ಮೂಲ ಪ್ರಯೋಗಾಲಯವಂತೂ ಇಲ್ಲ. ಉಳಿದ ಮರಮಟ್ಟು ಒಟ್ಟುಮಾಡಿ ಹೆನ್ರಿ ಫೋರ್ಡ್ 1929ರಲ್ಲಿ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಅದನ್ನು ಮತ್ತೆ ಕಟ್ಟಿಸಿದರು. ಮೆನ್ಲೋ ಪಾರ್ಕಿನ ಜಾಗದಲ್ಲಿ 1938ರ ಫೆಬ್ರವರಿ 11ರಂದು, ಎಡಿಸನ್ ಹುಟ್ಟಿದ ದಿನ, ಲೋಕಾರ್ಪಣೆಯಾದ ಸ್ಮಾರಕ ಗೋಪುರವಿದೆ. ತುದಿಯಲ್ಲಿರುವ ದೈತ್ಯ ಗಾಜಿನ ಬಲ್ಬೂ ಸೇರಿ ಎತ್ತರ 131 ಅಡಿ. ಪಕ್ಕದಲ್ಲೇ ಪುಟ್ಟ ವಸ್ತುಸಂಗ್ರಹಾಲಯ. ಅದು ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಮೊದಲೇ ಸಮಯ ವಿಚಾರಿಸಿ ಹೊರಡಿ.

ಸಾಮಾನ್ಯವಾಗಿ ಆಗುವ ಎಡವಟ್ಟು ಎರಡು. ಥಾಮಸ್ ಎಡಿಸನ್ ಬಳಸಿದ ಯಂತ್ರ, ಗ್ರಂಥಾಲಯ, ವಾಸದ ಮನೆ ನೋಡಬೇಕೆಂದು ಎಡಿಸನ್‌ಗೆ ಬರುತ್ತಾರೆ. ಅವು ಇರುವುದು ಇಲ್ಲಿಂದ ಈಶಾನ್ಯಕ್ಕೆ, ಎಸೆಕ್ಸ್ ಕೌಂಟಿಯ ವೆಸ್ಟ್ ಆರೆಂಜ್‌ನಲ್ಲಿ. ಇನ್ನು ಮೊಬೈಲ್ ನಕ್ಷೆಯಲ್ಲಿ ಬರೀ ‘ಮೆನ್ಲೋ ಪಾರ್ಕ್’ ಎಂದು ಒತ್ತಿದವರಿಗೆ ಕ್ಯಾಲಿಫೋರ್ನಿಯಾದ ಊರು ಅಥವಾ ಎಡಿಸನ್‌ನಲ್ಲೇ ಇರುವ ಮೆನ್ಲೋ ಪಾರ್ಕ್ ಮಾಲ್ ಸಿಗುತ್ತದೆ.

ಎಡಿಸನ್‌ಗಿಂತ ಹಿಂದೆ ಇಲ್ಲಿ ಯಾರಿದ್ದರು?

ಲೆನಾಪೆ ಮೂಲನಿವಾಸಿಗಳ ನಾಡು ಇದು. ರಾರಿಟನ್ ಎಂಬುದೂ ಅವರಿಂದ ಬಂದ ಹೆಸರೇ. 1660ರ ದಶಕದಲ್ಲಿ ಇಂಗ್ಲಿಷ್ ವಲಸಿಗರು ಬಂದು ನೆಲೆಸಿದ ಪಿಸ್ಕಾಟವೇಟೌನ್ ಇಲ್ಲಿನ ಹಳೆಯ ಊರು. ಒಗಟಿನಂತೆ ಕೇಳಬಹುದು, ಪಿಸ್ಕಾಟವೇಟೌನ್ ಈಗ ಇರುವುದು ಪಿಸ್ಕಾಟವೇಯಲ್ಲಲ್ಲ, ಎಡಿಸನ್‌ನಲ್ಲಿ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚಿನ ಹಳೆಯ ಕಟ್ಟಡವನ್ನು 1835ರ ಸುಂಟರಗಾಳಿ ಕೆಡವಿತು, ಮರುವರ್ಷವೇ ಮತ್ತೆ ಕಟ್ಟಿದರು.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರ ಜೂನ್ 26ರಂದು, ಶಾರ್ಟ್ ಹಿಲ್ಸ್ ಕದನ ನಡೆದದ್ದು ಓಕ್ ಟ್ರೀ ಹಾಗೂ ಪಕ್ಕದ ಸ್ಕಾಚ್ ಪ್ಲೇನ್ಸ್ ಸುತ್ತಿನ ದಿಬ್ಬಗಳಲ್ಲಿ. ವಾಷಿಂಗ್ಟನ್‌ನ ಸೇನೆಯನ್ನು ಗುಡ್ಡದಿಂದ ಇಳಿಸಿ ಬಯಲಿನಲ್ಲಿ ಸಿಕ್ಕಿಸಬೇಕೆಂದು ಬ್ರಿಟಿಷರು ಹೂಡಿದ್ದ ಆಟ ಅದು. ಅಮೆರಿಕದ ಕಡೆಯ ಲಾರ್ಡ್ ಸ್ಟರ್ಲಿಂಗ್‌ನ ಪಡೆ ಅಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನನ್ನು ತಡೆಹಿಡಿಯಿತು, ಅಷ್ಟರಲ್ಲಿ ವಾಷಿಂಗ್ಟನ್ ಗುಡ್ಡ ಸೇರಿಕೊಂಡ. ಈ ಕಾರ್ನ್‌ವಾಲಿಸ್ ನಮಗೆ ಹೊಸಬನಲ್ಲ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಮಕ್ಕಳನ್ನು ಒತ್ತೆ ಪಡೆದವನು ಇವನೇ. ಇಂದು ದೋಸೆ, ಸೀರೆ, ಚಿನ್ನದಂಗಡಿಗೆಂದು ಜನ ಹೋಗುವ ಓಕ್ ಟ್ರೀ ರಸ್ತೆ ಆ ನೆಲವನ್ನೇ ಹಾದುಹೋಗುತ್ತದೆ.

ಸೇನೆ, ಕಾರ್ಖಾನೆ ಇಲ್ಲಿಗೇ ಏಕೆ ಬಂದವು?

ಮೂರು ಕಾರಣ: ಖಾಲಿ ನೆಲ, ಹಡಗು ಬರುವ ನದಿ, ನ್ಯೂಯಾರ್ಕ್–ಫಿಲಡೆಲ್ಫಿಯ ರೈಲು ಹಾದಿ. ಮೊದಲ ಮಹಾಯುದ್ಧದ ಹೊತ್ತಿಗೆ ನದಿದಂಡೆಯಲ್ಲಿ ಸುಮಾರು 3,200 ಎಕರೆಯಲ್ಲಿ ರಾರಿಟನ್ ಆರ್ಸೆನಲ್ ಎಂಬ ಮದ್ದುಗುಂಡಿನ ಉಗ್ರಾಣ ಎದ್ದಿತು. ಅದು ಮುಚ್ಚಿದ್ದು 1960ರ ದಶಕದಲ್ಲಿ. ಅದರ ನೆಲ ಹಂಚಿಹೋಗಿ ರಾರಿಟನ್ ಸೆಂಟರ್ ಎಂಬ ಗೋದಾಮು–ಕಚೇರಿಗಳ ಬೃಹತ್ ವಲಯ, ಮಿಡ್ಲ್‌ಸೆಕ್ಸ್ ಕಾಲೇಜು, ಒಂದು ಕೌಂಟಿ ಉದ್ಯಾನ, ಕೇಂದ್ರದ ಪರಿಸರ ಇಲಾಖೆಯ ಕಚೇರಿ ಆದವು. ಅಲ್ಲಿ ಹೂತಿದ್ದ ಸ್ಫೋಟಕಗಳನ್ನು ಹುಡುಕಿ ತೆಗೆಯುವ ಕೆಲಸ ಸೇನೆಯ ಎಂಜಿನಿಯರುಗಳಿಗೆ ದಶಕಗಳ ಕಾಲ ಹಿಡಿದಿದೆ. ಆ ಭಾಗದಲ್ಲಿ ಮಣ್ಣು ಅಗೆಯುವ ಯೋಜನೆಗೆ ಹಳೆಯ ನಕ್ಷೆ ನೋಡದೆ ಯಾರೂ ಕೈ ಹಾಕುವುದಿಲ್ಲ.

ಲೂಯಿಸ್ ನಿಕ್ಸನ್‌ನ ನೈಟ್ರೇಷನ್ (ರಾಸಾಯನಿಕ) ಕಾರ್ಖಾನೆಯ ಆವರಣದಲ್ಲಿ 1924ರ ಮಾರ್ಚ್ 1ರಂದು ಯುದ್ಧಕಾಲದ ಶೆಲ್‌ಗಳಿಂದ ತೆಗೆದ ರಾಸಾಯನಿಕ ಸಿಡಿದು 20 ಜನ ಸತ್ತರು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಎಡಿಸನ್–ಪಿಸ್ಕಾಟವೇ ಗಡಿಯಲ್ಲಿ ಕ್ಯಾಂಪ್ ಕಿಲ್ಮರ್ ತೆರೆಯಿತು. ಯುರೋಪಿಗೆ ಹೊರಟ ಸೈನಿಕರು ಹಡಗು ಹತ್ತುವ ಮುಂಚೆ ತಂಗುತ್ತಿದ್ದ ಶಿಬಿರ ಅದು. 1956ರಲ್ಲಿ ಹಂಗೇರಿಯಿಂದ ಓಡಿಬಂದ ನಿರಾಶ್ರಿತರನ್ನೂ ಅಲ್ಲೇ ಇಳಿಸಿದರು. ಅದರ ಒಂದು ಭಾಗ ಈಗ ರಟ್ಗರ್ಸ್ ವಿಶ್ವವಿದ್ಯಾಲಯದ ಲಿವಿಂಗ್‌ಸ್ಟನ್ ಆವರಣ.

ಫೋರ್ಡ್ ಕಾರು ಕಾರ್ಖಾನೆ 1948ರಿಂದ 2004ರವರೆಗೆ ಒಂದನೇ ನಂಬರ್ ಹೆದ್ದಾರಿಯ ಬದಿ ನಡೆಯಿತು. ಮಸ್ಟಾಂಗ್, ಪಿಂಟೊ, ಎಸ್ಕಾರ್ಟ್, ಕೊನೆಗೆ ರೇಂಜರ್ ಪಿಕಪ್ ಅಲ್ಲಿ ತಯಾರಾದವು. ಈಗ ಆ ಜಾಗದಲ್ಲಿ ಅಂಗಡಿ ಮಳಿಗೆಗಳಿವೆ.

1994ರ ಗ್ಯಾಸ್ ಪೈಪ್ ಸ್ಫೋಟ ಎಂದರೇನು?

1994ರ ಮಾರ್ಚ್ 23ರ ನಡುರಾತ್ರಿಯ ಸುಮಾರಿಗೆ ಡರಮ್ ವುಡ್ಸ್ ಅಪಾರ್ಟ್‌ಮೆಂಟುಗಳ ಹತ್ತಿರ 36 ಅಂಗುಲ ವ್ಯಾಸದ ನೈಸರ್ಗಿಕ ಅನಿಲದ ಕೊಳವೆ ಒಡೆದು ಬೆಂಕಿ ನೂರಾರು ಅಡಿ ಎದ್ದಿತು. ಎಂಟು ಕಟ್ಟಡ ಸುಟ್ಟುಹೋದವು. ಸಾವು ಒಂದೇ, ಅದೂ ಹೃದಯಾಘಾತದಿಂದ. ಮಲಗಿದ್ದವರು ಎದ್ದು ಓಡಲು ಬೆಂಕಿ ಕೆಲವು ನಿಮಿಷ ಬಿಟ್ಟುಕೊಟ್ಟದ್ದೇ ಪುಣ್ಯ. ತನಿಖೆಯಲ್ಲಿ ಕಂಡದ್ದು: ಹಿಂದೆಂದೋ ಅಗೆಯುವ ಯಂತ್ರದ ಹಲ್ಲು ತಗುಲಿ ಕೊಳವೆಯ ಮೈಮೇಲೆ ಗೀರು ಬಿದ್ದಿತ್ತು, ಅಲ್ಲಿಂದ ಬಿರುಕು ಬೆಳೆಯಿತು. ಗ್ಯಾಸ್ ನಿಲ್ಲಿಸಲು ಸುಮಾರು ಎರಡೂವರೆ ಗಂಟೆ ಹಿಡಿಯಿತು, ಏಕೆಂದರೆ ವಾಲ್ವ್‌ಗಳನ್ನು ಕೈಯಿಂದ ತಿರುಗಿಸಬೇಕಿತ್ತು.

ಇಂದಿನ ನಿವಾಸಿಗೆ ಇದರ ಅರ್ಥ: ಬೇಲಿ ಕಂಬಕ್ಕೋ ಗಿಡಕ್ಕೋ ಗುಂಡಿ ತೋಡುವ ಮುಂಚೆ, ನೆಲದಡಿಯ ಪೈಪು, ತಂತಿ ಗುರುತಿಸಿಕೊಡುವ ಸೇವೆಯ 811 ನಂಬರಿಗೆ ಕರೆ ಮಾಡಬೇಕು. ಕನಿಷ್ಠ ಮೂರು ಕೆಲಸದ ದಿನ ಮೊದಲು ಮಾಡಿ. ಅವರು ಬಂದು ನೆಲದ ಮೇಲೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ. ‘ಒಂದಡಿ ತಾನೆ’ ಎಂದು ಬಿಡುವವರೇ ತಂತಿ ಕತ್ತರಿಸಿಕೊಳ್ಳುವುದು. ಗುರುತು ಹಾಕುವವರು ಸಾರ್ವಜನಿಕ ಲೈನುಗಳನ್ನು ಮಾತ್ರ ತೋರಿಸುತ್ತಾರೆ. ಮನೆಯವರೇ ಎಳೆಸಿಕೊಂಡ ಸ್ಪ್ರಿಂಕ್ಲರ್ ಪೈಪು, ಅಂಗಳದ ದೀಪದ ತಂತಿ ಅದರಲ್ಲಿ ಸೇರುವುದಿಲ್ಲ.

ನೆಲ, ನೀರು ಹೇಗಿದೆ?

ಉತ್ತರ ಭಾಗದಲ್ಲಿ ಕೆಂಪು ಶಿಲೆಯ ಏರಿಳಿತ, ದಕ್ಷಿಣಕ್ಕೆ ಇಳಿದಂತೆ ಕರಾವಳಿ ಬಯಲಿನ ಮರಳು ಮತ್ತು ಜೇಡಿ. ಹಿಮಯುಗದ ಹಿಮನದಿ ಕೊನೆಯ ಬಾರಿ ಬಂದು ನಿಂತಾಗ ಮುಂದೆ ತಳ್ಳಿ ಬಿಟ್ಟ ಕಲ್ಲುಮಣ್ಣಿನ ದಿಬ್ಬ ಪರ್ತ್ ಆಂಬಾಯ್‌ನಿಂದ ಮೆಟಚನ್ ಮೂಲಕ ಪ್ಲೇನ್‌ಫೀಲ್ಡ್ ಕಡೆಗೆ ಹಾಯುತ್ತದೆ. ವಾಯವ್ಯದಲ್ಲಿ ಡಿಸ್ಮಲ್ ಸ್ವಾಂಪ್ ಎಂಬ ಜೌಗು. ಹೆಸರು ‘ಮಂಕು ಕೆಸರು’ ಎಂಬಂತೆ ಕೇಳಿದರೂ ಮಳೆನೀರು ಹೀರಿಕೊಳ್ಳುವ ಸ್ಪಂಜು ಅದೇ. ದಕ್ಷಿಣದಲ್ಲಿ ರಾರಿಟನ್ ನದಿಗೆ ಸಮುದ್ರದ ಉಬ್ಬರ ತಲುಪುತ್ತದೆ; ಉಬ್ಬರದ ಹೊತ್ತಿಗೆ ಜೋರು ಮಳೆ ಹೊಡೆದರೆ ತೊರೆಗಳ ನೀರು ಹೊರಹೋಗಲು ದಾರಿ ಇಲ್ಲದೆ ಹಿಂದಕ್ಕೆ ಉಕ್ಕುತ್ತದೆ. ಜೇಡಿನೆಲದ ಮನೆಗಳಲ್ಲಿ ಬೇಸ್‌ಮೆಂಟಿನ ಪಂಪು ಇದೆಯೇ, ಕರೆಂಟು ಹೋದಾಗ ಓಡಿಸುವ ಬ್ಯಾಟರಿ ಇದೆಯೇ ಎಂದು ಕೊಳ್ಳುವ ಮುಂಚೆ ನೋಡಿ. ಬಿರುಗಾಳಿಯಲ್ಲಿ ಮಳೆ ಸುರಿಯುವುದೂ ಕರೆಂಟು ಹೋಗುವುದೂ ಒಟ್ಟಿಗೆ.

ಜನಸಂಖ್ಯೆ ಎಷ್ಟು? ಹೇಗೆ ಬೆಳೆಯಿತು?

2020ರ ಜನಗಣತಿಯಲ್ಲಿ 1,07,588. ರಾಜ್ಯದಲ್ಲಿ ನ್ಯೂಅರ್ಕ್, ಜೆರ್ಸಿ ಸಿಟಿ, ಪ್ಯಾಟರ್‌ಸನ್, ಎಲಿಜಬೆತ್, ಲೇಕ್‌ವುಡ್ ನಂತರ ಆರನೇ ಸ್ಥಾನ.

ಏರಿಕೆಯ ಲೆಕ್ಕ ನೋಡಿ: 1950ರಲ್ಲಿ 16,348, 1960ರಲ್ಲಿ 44,799, 1970ರಲ್ಲಿ 67,120. ಹೆಸರು ಬದಲಾದ ದಶಕದಲ್ಲೇ ಜನ ಎರಡೂವರೆ ಪಟ್ಟು ಮೀರಿದರು. ಯುದ್ಧ ಮುಗಿಸಿ ಬಂದವರಿಗೆ ಸರ್ಕಾರದ ಗೃಹಸಾಲ, ಹೊಸ ಹೆದ್ದಾರಿ, ಹತ್ತಿರದಲ್ಲೇ ಕಾರ್ಖಾನೆ ಕೆಲಸ: ಇವುಗಳಿಂದ ಹೊಲಗಳು ಬಡಾವಣೆಗಳಾದವು. 1970ರ ದಶಕದಲ್ಲಿ ಏರಿಕೆ ನಿಂತಂತೆಯೇ ಆಯಿತು (1980ರಲ್ಲಿ 70,193). ಮತ್ತೆ 1990ಕ್ಕೆ 88,680, 2000ಕ್ಕೆ 97,687, 2010ಕ್ಕೆ 99,967. ಈ ಎರಡನೇ ಏರಿಕೆಯಲ್ಲಿ ಏಷ್ಯಾದ ವಲಸಿಗರ ಪಾಲು ದೊಡ್ಡದು. 2010ರಲ್ಲಿ ಬಿಳಿಯರು ಶೇ. 44, ಏಷ್ಯನ್ನರು ಶೇ. 43, ಭಾರತೀಯ ಮೂಲದವರೇ ಶೇ. 28ರಷ್ಟು. 2020ರ ಹೊತ್ತಿಗೆ ಏಷ್ಯನ್ನರು ಅರ್ಧ ದಾಟಿದರು. ಚೀನೀ ಮೂಲದವರೂ ಗಣನೀಯವಾಗಿದ್ದಾರೆ. ಎಡಿಸನ್ ಅಂದರೆ ಬರೀ ಇಂಡಿಯನ್ನರ ಊರು ಎನ್ನುವುದು ಅರ್ಧ ಸತ್ಯ.

ಭಾರತೀಯರು ಇಲ್ಲಿಗೇ ಏಕೆ ಬಂದರು?

1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾ ತೆಗೆದ ಮೇಲೆ ಎಂಜಿನಿಯರುಗಳು, ವೈದ್ಯರು, ಅವರ ಹಿಂದೆ ಬಂಧುಗಳು ಬಂದರು. ನ್ಯೂ ಜೆರ್ಸಿಯ ದೂರವಾಣಿ, ಔಷಧ ಕಂಪನಿಗಳಿಗೂ ನ್ಯೂಯಾರ್ಕಿನ ರೈಲಿಗೂ ಇದು ನಡುಜಾಗ. ಓಕ್ ಟ್ರೀ ರಸ್ತೆಯ ಐಸೆಲಿನ್ (ಪಕ್ಕದ ವುಡ್‌ಬ್ರಿಜ್‌ಗೆ ಸೇರಿದ ಭಾಗ) ಕಡೆ ಖಾಲಿ ಬಿದ್ದಿದ್ದ ಅಂಗಡಿಗಳು ಕಡಿಮೆ ಬಾಡಿಗೆಗೆ ಸಿಕ್ಕವು. ಅಂಗಡಿ ಬಂದಲ್ಲಿಗೆ ಜನ, ಜನ ಬಂದಲ್ಲಿಗೆ ದೇವಸ್ಥಾನ. ಎಲ್ಲ ಸಲೀಸಾಗಿ ನಡೆಯಲಿಲ್ಲ. 1990ರ ದಶಕದಲ್ಲಿ ರಾರಿಟನ್ ಸೆಂಟರಿನ ನವರಾತ್ರಿ ಗರ್ಬಾ ಎಷ್ಟು ಹೊತ್ತಿಗೆ ಮುಗಿಯಬೇಕೆಂಬ ಜಗಳ ಫೆಡರಲ್ ನ್ಯಾಯಾಲಯದವರೆಗೂ ಹೋಯಿತು. 2022ರ ಜನವರಿಯಲ್ಲಿ ಸ್ಯಾಮ್ ಜೋಷಿ ಎಡಿಸನ್‌ನ ಮೊದಲ ಭಾರತೀಯ ಮೂಲದ ಮೇಯರ್ ಆದರು. ಕೊರಿಯಾ ಮೂಲದ ಜುನ್ ಚೋಯ್ 2006ರಲ್ಲೇ ಮೇಯರ್ ಆಗಿದ್ದರು.

ಕನ್ನಡಿಗರಿಗೆ ಇಲ್ಲಿ ಏನು ನಂಟು?

ಉಡುಪಿಯ ಅಷ್ಟಮಠಗಳಲ್ಲೊಂದಾದ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಎಡಿಸನ್‌ನಲ್ಲಿದೆ. 2010ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಇಲ್ಲಿಯೇ, ರಾರಿಟನ್ ಸೆಂಟರಿನಲ್ಲಿ. ಹಿಂದೆ ತೋಪಿನ ಗುಂಡು ಪೇರಿಸುತ್ತಿದ್ದ ನೆಲದಲ್ಲಿ ಕನ್ನಡ ಹಬ್ಬ!

ಕನ್ನಡ ಮಾತಾಡುವವರು ಎಷ್ಟು ಎಂದು ಕೇಳಿದರೆ ಅಂಕಿ ಕೊಡಲಾಗದು. ಅಮೆರಿಕದ ಸಮುದಾಯ ಸಮೀಕ್ಷೆ ತಮಿಳು, ತೆಲುಗುಗಳನ್ನು ಬೇರೆ ಬೇರೆ ಎಣಿಸುತ್ತದೆ. ಆದರೆ ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂದು ನಮ್ಮನ್ನು ಒಂದೇ ಸಾಲಿಗೆ ಹಾಕಿದೆ. ಆ ಸಾಲಿನ ಅಂಕಿಯನ್ನು ಕನ್ನಡಿಗರ ಸಂಖ್ಯೆಯೆಂದು ಬರೆಯುವುದು ತಪ್ಪು.

ಜನಗಣತಿ ಜಾಲತಾಣದಲ್ಲಿ ಎಡಿಸನ್ ಸಿಗುತ್ತಿಲ್ಲ, ಏಕೆ?

‘ಪ್ಲೇಸ್’ ಪಟ್ಟಿಯಲ್ಲಿ ಹುಡುಕುತ್ತಿರುತ್ತೀರಿ. ನ್ಯೂ ಜೆರ್ಸಿಯ ಟೌನ್‌ಶಿಪ್‌ಗಳು ‘ಕೌಂಟಿ ಸಬ್‌ಡಿವಿಷನ್’ ಅಡಿಯಲ್ಲಿವೆ. ಮೊದಲು ರಾಜ್ಯ, ಆಮೇಲೆ ಮಿಡ್ಲ್‌ಸೆಕ್ಸ್ ಕೌಂಟಿ, ಆಮೇಲೆ ಎಡಿಸನ್ ಟೌನ್‌ಶಿಪ್ ಆರಿಸಿ. ಹತ್ತು ವರ್ಷಕ್ಕೊಮ್ಮೆ ಮಾಡುವ ಎಣಿಕೆಯನ್ನೂ ಐದು ವರ್ಷದ ಸಮೀಕ್ಷೆಯ ಅಂದಾಜನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ಎರಡನೆಯದು ಮಾದರಿಯಿಂದ ತೆಗೆದದ್ದು, ಪಕ್ಕದಲ್ಲೇ ತಪ್ಪಿನ ಅಂತರ ಕೊಟ್ಟಿರುತ್ತಾರೆ. 1900ರ ಮುಂಚಿನ ಅಂಕಿಯಲ್ಲಿ ಮೆಟಚನ್, 1905ರ ಮುಂಚಿನದರಲ್ಲಿ ಹೈಲ್ಯಾಂಡ್ ಪಾರ್ಕ್ ಸೇರಿವೆ ಎಂಬುದನ್ನೂ ಗಮನಿಸಿ.

ಮನೆ ನಿಜಕ್ಕೂ ಎಡಿಸನ್‌ನಲ್ಲಿದೆಯೇ ಎಂದು ತಿಳಿಯುವುದು ಹೇಗೆ?

ಅಂಚೆ ವಿಳಾಸ ನಂಬಬೇಡಿ. 08817, 08820, 08837 ಎಡಿಸನ್‌ನ ಮುಖ್ಯ ಜಿಪ್ ಕೋಡ್‌ಗಳು (ನಮ್ಮ ಪಿನ್ ಕೋಡ್ ಇದ್ದಂತೆ), ಆದರೆ ಅಂಚೆಯ ಗೆರೆ ಬೇರೆ, ಪುರಸಭೆಯ ಗೆರೆ ಬೇರೆ. ಓಕ್ ಟ್ರೀ ರಸ್ತೆಯೇ ಒಳ್ಳೆಯ ಉದಾಹರಣೆ: ಪಶ್ಚಿಮದ ತುಂಡು ಎಡಿಸನ್, ಪೂರ್ವದ ಐಸೆಲಿನ್ ತುಂಡು ವುಡ್‌ಬ್ರಿಜ್ ಟೌನ್‌ಶಿಪ್. ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಪುರಸಭೆ ಸಂಕೇತ ನೋಡಿ. 1205 ಇದ್ದರೆ ಎಡಿಸನ್, 1225 ಇದ್ದರೆ ವುಡ್‌ಬ್ರಿಜ್. ಶಾಲೆ, ಪೊಲೀಸ್, ಕಸ, ಮತದಾನ ಎಲ್ಲಕ್ಕೂ ಆ ಸಂಕೇತವೇ ಆಧಾರ. ಎಡಿಸನ್ ಒಳಗೇ ಎರಡು ಹೈಸ್ಕೂಲುಗಳಿವೆ, ಉತ್ತರಕ್ಕೆ ಜೆ.ಪಿ. ಸ್ಟೀವನ್ಸ್, ದಕ್ಷಿಣಕ್ಕೆ ಎಡಿಸನ್ ಹೈಸ್ಕೂಲ್. ಯಾವುದು ನಿಮ್ಮ ಪಾಲಿಗೆ ಬರುತ್ತದೆಂಬುದು ಮನೆ ನಂಬರಿನ ಮೇಲೆ ನಿಂತಿದೆ. ಮನೆ ಮಾರುವವರ ಮಾತಿಗಿಂತ ಶಾಲಾ ಮಂಡಳಿಯನ್ನೇ ಕೇಳುವುದು ವಾಸಿ.

ರೈಲು?

ಎಡಿಸನ್ ನಿಲ್ದಾಣ ಟೌನ್‌ಶಿಪ್‌ನ ನೈಋತ್ಯ ಮೂಲೆಯ ಸ್ಟೆಲ್ಟನ್‌ನಲ್ಲಿದೆ. ಉತ್ತರದವರಿಗೆ ಮೆಟಚನ್ ಅಥವಾ ಐಸೆಲಿನ್‌ನ ಮೆಟ್ರೊಪಾರ್ಕ್ ಹತ್ತಿರ. ದೂರದೂರಿನ ಆಮ್‌ಟ್ರಾಕ್ ರೈಲು ನಿಲ್ಲುವುದು ಮೆಟ್ರೊಪಾರ್ಕ್‌ನಲ್ಲಿ.

ಆಡಳಿತ ಯಾರದು? ತೆರಿಗೆ ದರ ಅಷ್ಟು ಹೆಚ್ಚು ಕಾಣುವುದೇಕೆ?

ನೇರವಾಗಿ ಆಯ್ಕೆಯಾಗುವ ಮೇಯರ್, ಇಡೀ ಊರಿನಿಂದ ಆರಿಸಿಬರುವ ಏಳು ಮಂದಿಯ ಕೌನ್ಸಿಲ್. ಅವಧಿ ನಾಲ್ಕು ವರ್ಷ. ವಾರ್ಡುಗಳಿಲ್ಲ, ಹಾಗಾಗಿ ‘ನಮ್ಮ ವಾರ್ಡಿನ ಕೌನ್ಸಿಲರ್’ ಎಂಬುವರೂ ಇಲ್ಲ.

ಆಸ್ತಿ ತೆರಿಗೆ ವರ್ಷಕ್ಕೆ ನಾಲ್ಕು ಕಂತು: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ 1. ಆ ಹಣ ಟೌನ್‌ಶಿಪ್, ಕೌಂಟಿ, ಶಾಲೆಗಳಿಗೆ ಹಂಚಿಹೋಗುತ್ತದೆ, ದೊಡ್ಡ ತುತ್ತು ಶಾಲೆಗಳದ್ದು. ದರವನ್ನು ಪಕ್ಕದ ಊರಿನೊಂದಿಗೆ ಹಾಗೆಯೇ ಹೋಲಿಸಬೇಡಿ. ಹಳೆಯ ಮೌಲ್ಯಮಾಪನ ಇರುವ ಊರಿನಲ್ಲಿ ಕಾಗದದ ಬೆಲೆ ಕಡಿಮೆ, ದರ ಹೆಚ್ಚು. ಉದಾಹರಣೆಗೆ, ಮಾರುಕಟ್ಟೆಯಲ್ಲಿ 5,00,000 ಡಾಲರ್ ಬಾಳುವ ಮನೆಗೆ ಕಾಗದದಲ್ಲಿ 2,00,000 ಬರೆದು ನೂರಕ್ಕೆ 5 ಡಾಲರ್ ಹಾಕಿದರೆ 10,000. ನಿಜವಾದ ಭಾರ ನೂರಕ್ಕೆ 2. ಪಕ್ಕದ ಊರಿನವರು ಪೂರ್ತಿ 5,00,000 ಬರೆದು ನೂರಕ್ಕೆ 2 ಹಾಕಿದರೂ ಅಷ್ಟೇ.

ಮೌಲ್ಯ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ಕೌಂಟಿ ತೆರಿಗೆ ಮಂಡಳಿಗೆ ಸಾಮಾನ್ಯವಾಗಿ ಏಪ್ರಿಲ್ 1ರೊಳಗೆ ಅರ್ಜಿ ಹಾಕಬೇಕು. ಅಲ್ಲಿ ‘ತೆರಿಗೆ ಬಹಳ’ ಎಂದು ವಾದಿಸಿದರೆ ಕೇಳುವುದಿಲ್ಲ. ಹಿಂದಿನ ಅಕ್ಟೋಬರ್ 1ರ ಸುಮಾರಿಗೆ ನಿಮ್ಮ ಮನೆಯಂಥ ಮನೆಗಳು ಎಷ್ಟಕ್ಕೆ ಮಾರಾಟವಾದವು ಎಂಬ ಪುರಾವೆ ಬೇಕು. ನಿಮ್ಮ ಮನೆಯ ಅನುಪಾತ (ಕಾಗದದ ಬೆಲೆ ಮಾರುಕಟ್ಟೆ ಬೆಲೆಯ ಎಷ್ಟು ಪಾಲು ಎಂಬುದು) ಊರಿನ ಸರಾಸರಿಗಿಂತ ಶೇ. 15ಕ್ಕೂ ಮೇಲೆ ಸರಿದಿದ್ದರೆ ಮಾತ್ರ ಮೌಲ್ಯ ಇಳಿಯುತ್ತದೆ. ಅರ್ಜಿ ವಿಚಾರಣೆಯಲ್ಲಿದ್ದರೂ ಕಂತು ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿಯಿದ್ದರೆ ಅರ್ಜಿಯನ್ನೇ ತಳ್ಳಿಹಾಕಬಹುದು.